ಮೆಟ್ಟಿಲ ಮೇಲೆ ಕೂರುವವನಿಗೆ ಗಿಡ್ಡ ಕೋಲು

ಗೆಂಡೆ ಮೀನಿಗೆ ಎಷ್ಟುದ್ದದ ಕೋಲು ತಗೊಳ್ಳಲಿ ಸಾರ್ ಎಂದು ಕೇಳಿಕೊಂಡು ಇಲಾಖೆಗೆ ಹೊಸದಾಗಿ ಸೇರಿದ ಹುಡುಗರು ಈಗಲೂ ನನ್ನ ಮನೆಗೆ ಬರುತ್ತಾರೆ. ಅವರ ಕೈಯಲ್ಲಿ ಆಗಲೇ ಎರಡಾಳುದ್ದದ, ಗರಿಯ ಹಾಗೆ ಹಗುರವಾದ ಕೋಲು ಇರುತ್ತದೆ. ಕೊಂಡ ಮೇಲೆ ಕೇಳಲು ಬಂದವರು. ನಾನು ಕೋಲಿನ ಮಾತು ಎತ್ತುವುದಿಲ್ಲ. ನೀವು ಎಲ್ಲಿ ಕೂರುತ್ತೀರಿ ಎಂದು ಕೇಳುತ್ತೇನೆ. ಏರಿ ಮೇಲೆ ಸಾರ್ ಎನ್ನುತ್ತಾರೆ. ಹಾಗಾದರೆ ಉದ್ದದ ಕೋಲೇ ಸರಿ, ಮೀನು ಮಾತ್ರ ಸಿಗುವುದಿಲ್ಲ ಎನ್ನುತ್ತೇನೆ. ಮುದುಕನಿಗೆ ತಮಾಷೆ ಜಾಸ್ತಿ ಎಂದುಕೊಂಡು ಅವರು ಕಾಫಿ ಕುಡಿದು ಹೋಗುತ್ತಾರೆ. ಅದು ತಮಾಷೆಯಲ್ಲ. ಆ ಮಾತಿನ ಹಿಂದೆ ಒಂದು ಕೆರೆ ಇದೆ, ಒಂದು ಸೊಸೈಟಿಯ ಅನ್ನ ಇದೆ, ಹೊನ್ನಮ್ಮ ಎಂಬ ಬಾಯಿಗಟ್ಟಿ ಹೆಂಗಸಿನ ಪಾತ್ರೆಗಳಿವೆ. ಅದನ್ನು ಒಮ್ಮೆ ಸರಿಯಾಗಿ ಬರೆದಿಡೋಣ ಅನಿಸಿತು.

ನಮ್ಮ ಮನೆತನದಲ್ಲಿ ಪದವಿ ಪಡೆದವನು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಸಖರಾಯಪಟ್ಟಣದ ಕಡೆಯ ಒಂದು ಹಳ್ಳಿಯಲ್ಲಿ ನಮ್ಮಪ್ಪ ನೀರುಗಂಟಿ. ಕೆರೆಯ ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಯಾವಾಗ ನೀರು ಎಂದು ಹಂಚುವುದು ಅವನ ಕೆಲಸ. ಇಡೀ ಊರಿಗೆ ನೀರು ಹಂಚುವ ಅಪ್ಪ, ಅದೇ ಕೆರೆಯ ಮೆಟ್ಟಿಲಿಗೆ ಇಳಿಯುವ ಹಾಗಿರಲಿಲ್ಲ. ನಮ್ಮ ಕೇರಿಯವರು ದನ ಇಳಿಯುವ ಕಡೆ ಕೊಡ ತುಂಬಿಕೊಳ್ಳುತ್ತಿದ್ದರು. ಗೋಳಿಗಾಗಿ ಇದನ್ನು ಬರೆಯುತ್ತಿಲ್ಲ, ಮುಂದೆ ಬರುವ ಮಾತಿಗೆ ಬೇಕು.

ಹಾಸ್ಟೆಲಿನಲ್ಲಿದ್ದುಕೊಂಡು, ಬೇರೆಯವರ ಪುಸ್ತಕ ಅವರು ಮಲಗಿದ ಮೇಲೆ ಓದಿ, ಚಿಕ್ಕಮಗಳೂರಿನಲ್ಲಿ ಬಿ.ಎಸ್ಸಿ. ಮುಗಿಸಿದೆ. ಪ್ರಾಣಿಶಾಸ್ತ್ರದಲ್ಲಿ ಮೀನಿನ ಚಿತ್ರ ನನ್ನಷ್ಟು ಚೆನ್ನಾಗಿ ಬಿಡಿಸುವವರು ತರಗತಿಯಲ್ಲಿ ಇರಲಿಲ್ಲ. ಮೀನಿನ ಇಲಾಖೆಯಲ್ಲಿ ಕೆಲಸ ಸಿಕ್ಕಿ ಕಡೂರಿಗೆ ಹಾಕಿದರು. ಅಪ್ಪನಿಗೆ ಆರ್ಡರ್ ಓದಿ ಹೇಳಿದೆ.

"ಮೀನು ತಾನೇ ಹುಟ್ತದೆ, ತಾನೇ ಈಜ್ತದೆ. ಅದನ್ನ ನೋಡ್ಕೊಳ್ಳಾಕೆ ಬಿ.ಎಸ್ಸಿ. ಬೇಕೇನಪ್ಪಾ?" ಎಂದ.

"ಬೇಕು ಅಂತ ಸರ್ಕಾರ ಹೇಳೈತಲ್ಲ."

"ಹಂಗಾದ್ರೆ ಸರಿ ಬಿಡು. ಸರ್ಕಾರದ ಮೀನು ಸರ್ಕಾರದ ಮಾತು ಕೇಳ್ಲಿ."

ಕೇಳಲಿಲ್ಲ. ಅದೇ ಈ ಕಥೆ.

ಎಪ್ಪತ್ತರ ದಶಕದ ನಡುವಿನ ಮಾತು. ನಮಗಿಂತ ಹಿಂದಿನವರು ಮೀನುಮರಿಯನ್ನು ಮಣ್ಣಿನ ಮಡಕೆಯಲ್ಲಿ ರೈಲಿನಲ್ಲಿ ತರುತ್ತಿದ್ದರಂತೆ. ದಾರಿಯುದ್ದಕ್ಕೂ ಕೈಯಿಂದ ನೀರು ಬಡಿಯುತ್ತಾ ಕೂರಬೇಕು, ಬಡಿಯುವವನಿಗೆ ನಿದ್ದೆ ಬಂದರೆ ಮಡಕೆಯೊಳಗಿನದೆಲ್ಲ ಹೆಣ. ನಾನು ಸೇರುವ ಹೊತ್ತಿಗೆ ಪ್ಲಾಸ್ಟಿಕ್ ಚೀಲಕ್ಕೆ ನೀರು, ಮರಿ ಹಾಕಿ, ಆಮ್ಲಜನಕ ತುಂಬಿ, ಬಾಯಿ ಕಟ್ಟಿ, ಸೀಮೆಎಣ್ಣೆ ಡಬ್ಬದೊಳಗೆ ಇಟ್ಟು ಸಾಗಿಸುವ ಪದ್ಧತಿ ಬಂದಿತ್ತು. ಜೀಪ್ ಇದ್ದರೆ ಜೀಪು. ಇಲ್ಲದಿದ್ದರೆ ಬಸ್ಸು.

ನಾನೊಬ್ಬನೇ ಜವಾಬ್ದಾರಿ ಹೊತ್ತು ಮರಿ ಸಾಗಿಸಿದ ಮೊದಲ ದಿನವೇ ಜೀಪ್ ಕೆಟ್ಟಿತು. ಲಕ್ಕವಳ್ಳಿ ಕಡೆಯಿಂದ ತರೀಕೆರೆಯವರೆಗೆ ಹೇಗೋ ತಂದು, ಬಸ್ ಸ್ಟ್ಯಾಂಡಿನಲ್ಲಿ ಡಬ್ಬಗಳನ್ನು ಸಾಲಾಗಿ ಇಟ್ಟುಕೊಂಡು ಅಜ್ಜಂಪುರದ ಬಸ್ಸಿಗೆ ಕಾದೆ. ಹತ್ತಿದ ಮೇಲೆ ಕಂಡಕ್ಟರ್ ಡಬ್ಬದ ಮೇಲೆ ಬೆರಳಿನಿಂದ ಕುಟ್ಟಿದ.

"ಏನ್ರೀ ಇದು?"

"ಮೀನುಮರಿ."

"ಜೀವ ಐತಾ?"

"ಇದೆ."

"ಜೀವ ಇರೋದಕ್ಕೆಲ್ಲ ಟಿಕೆಟ್ ಆಗ್ತದೆ. ಎಷ್ಟು ಜನ ಅವ್ರೆ ಒಳಗೆ?"

ಬಸ್ಸೆಲ್ಲ ನಕ್ಕಿತು. "ಟಿಕೆಟ್ ತಗೋತೀನಿ. ಅಷ್ಟೂ ಜನಕ್ಕೆ ಸೀಟ್ ಕೊಡ್ತೀರಾ?" ಎಂದೆ. ಮತ್ತೆ ನಕ್ಕಿತು, ಈ ಸಲ ನನ್ನ ಪರ.

ನಗು ಮುಗಿಯುವಷ್ಟರಲ್ಲಿ, ಹಿಂದೆ ನಿಂತಿದ್ದ ರೈತನೊಬ್ಬನ ಚೀಲದಲ್ಲಿದ್ದ ನೇಗಿಲ ಗುಳ ಒಂದು ಡಬ್ಬದ ತೆರೆದ ಬಾಯಿಂದ ಒಳಹೊಕ್ಕು ಚೀಲ ಸೀಳಿತು. ನೀರು ಉಕ್ಕಿ ಹರಿದು, ಸೀಟುಗಳ ಕೆಳಗೆ ಮರಿಗಳು ಚಿಮ್ಮತೊಡಗಿದವು. ಟಿಕೆಟ್ ಕೇಳಿದ ಕಂಡಕ್ಟರೇ ಶಿಳ್ಳೆ ಹೊಡೆದು ಬಸ್ಸು ನಿಲ್ಲಿಸಿದ. ಒಬ್ಬ ಹೆಂಗಸು ತವರಿಗೆ ಒಯ್ಯುತ್ತಿದ್ದ ಹೊಸ ಹಿತ್ತಾಳೆ ಬಿಂದಿಗೆ ಮುಂದಿಟ್ಟಳು. ಡ್ರೈವರು ಮೋರಿಯ ಕೆಳಗಿನ ಹಳ್ಳದಿಂದ ನೀರು ತಂದ. ಮಾಂಸ ಮುಟ್ಟದವರೂ ಸೀಟಿನ ಕೆಳಗೆ ಬಗ್ಗಿ ಅಂಗೈಯಲ್ಲಿ ಮರಿ ಎತ್ತಿ ಎತ್ತಿ ಬಿಂದಿಗೆಗೆ ಹಾಕಿದರು. ಆವತ್ತಿನಿಂದ ಆ ರೂಟಿನಲ್ಲಿ ನನಗೆ "ಮೀನಿನ ಬಿ.ಎಸ್ಸಿ." ಎಂದೇ ಹೆಸರು. ನಾನು ಬೇಡವೆನ್ನಲಿಲ್ಲ. ಡಿಗ್ರಿ ಅವರ ಬಾಯಲ್ಲಿ ಉಳಿಯಿತಲ್ಲ, ಸಾಕು.

ಆ ಮರಿಗಳು ಹೋದದ್ದು ಅಜ್ಜಂಪುರದಿಂದ ಒಳಗೆ ಹೋಗಬೇಕಾದ ಒಂದು ಹಳ್ಳಿಯ ದೊಡ್ಡಕೆರೆಗೆ. ಅಲ್ಲಿ ಬೆಸ್ತರ ಹತ್ತಾರು ಮನೆಗಳು ಸೇರಿ ಒಂದು ಸೊಸೈಟಿ ಮಾಡಿಕೊಂಡು, ಮೀನು ಹಿಡಿಯಲು ಕೆರೆಯನ್ನು ಗುತ್ತಿಗೆಗೆ ಪಡೆದಿದ್ದರು. ಅದರ ಅಧ್ಯಕ್ಷ ಹನುಮಂತಪ್ಪ. ತೆಳ್ಳಗೆ, ಎತ್ತರಕ್ಕೆ, ಯಾವಾಗಲೂ ಏನೋ ಕೆಟ್ಟದ್ದಾಗುತ್ತದೆ ಎಂದು ಕಾಯುತ್ತಿರುವವನ ಹಾಗೆ ಕಾಣುವ ಮನುಷ್ಯ. ನಾನು ಚೀಲಗಳನ್ನು ಬಿಚ್ಚದೆ ಕೆರೆಯ ನೀರಿನ ಮೇಲೆ ತೇಲಿಬಿಟ್ಟು ಕೂತೆ. ಚೀಲದ ನೀರೂ ಕೆರೆಯ ನೀರೂ ಒಂದೇ ಬಿಸಿಗೆ ಬರಲಿ ಎಂದು. ಹನುಮಂತಪ್ಪ ಕಾದು ಕಾದು ಕೇಳಿದ.

"ಸ್ವಾಮಿ, ನೀರಿಗೆ ಬಿಡಾಕೆ ತಂದು, ನೀರ್ ಮ್ಯಾಲೆ ಯಾಕೆ ಕೂರಿಸಿದ್ದೀರಿ?"

"ಹೊಸ ಮನೆ ಅಲ್ವೇನಪ್ಪಾ. ಸ್ವಲ್ಪ ಹೊತ್ತು ಹೊಸ್ತಿಲಲ್ಲಿ ಕೂತು ಒಳಕ್ಕೆ ಹೋಗ್ತವೆ."

ಅವನು ನಕ್ಕದ್ದು ಆಗ ಒಮ್ಮೆ. ಆಮೇಲೆ ಎರಡು ಮಳೆಗಾಲ ನಗಲಿಲ್ಲ.

ಕೆರೆಯ ತಳದಲ್ಲಿ ಜಾಲಿ ಮರಗಳ ಬೊಡ್ಡೆಗಳಿದ್ದವು. ಬರದ ವರ್ಷಗಳಲ್ಲಿ ಒಣಗಿದ ಕೆರೆಯೊಳಗೆ ಬೆಳೆದ ಜಾಲಿಯನ್ನು ಯಾರೋ ಸೌದೆಗೆ ಕಡಿದು, ಬುಡ ಹಾಗೇ ಬಿಟ್ಟಿದ್ದರು. ಸೊಸೈಟಿಯವರು ಎಳೆಬಲೆ ಹಾಕಿದರೆ ಬಲೆ ಬೊಡ್ಡೆಗೆ ಸಿಕ್ಕಿ ಹರಿಯಿತು. ಹೊಲಿದು ಮತ್ತೆ ಹಾಕಿದರು, ಮತ್ತೆ ಹರಿಯಿತು. ಸಿಕ್ಕಿದ್ದು ಬೆರಳುದ್ದದ ಪುಡಿಮೀನು. ನಾನು ಬಿಟ್ಟ ಗೆಂಡೆ ಒಂದೂ ಇಲ್ಲ. ಏರಿಯ ಮೇಲೆ ಸಂಜೆ ಕೂರುವವರಿಗೆ ಮಾತಿಗೆ ವಸ್ತು ಸಿಕ್ಕಿತು. ನಾನು ಸೈಕಲ್ಲಿನಲ್ಲಿ ಹೋದರೆ, "ಏನ್ ಬಿ.ಎಸ್ಸಿ., ನಿನ್ ಮಕ್ಳು ಕಾಗದ ಗೀಗದ ಬರೆದವಾ?" ಎನ್ನುವರು.

ಮೇಲಿನ ಕಚೇರಿಗೆ ಸುದ್ದಿ ಹೋಯಿತು. ಈ ಕೆರೆ ಮೀನು ಸಾಕಲು ತಕ್ಕದ್ದೋ ಅಲ್ಲವೋ ಎಂದು ನೋಡಿ ವರದಿ ಮಾಡಲು ನಮ್ಮ ಸಾಹೇಬರು ಭುಜಂಗ ಶೆಟ್ಟರು ಬರುವುದೆಂದಾಯಿತು. ಅಲ್ಲ ಎಂದು ಬರೆದರೆ ಮರಿ ಕೊಡುವುದು ನಿಲ್ಲುತ್ತದೆ, ಗುತ್ತಿಗೆ ರದ್ದಾಗುತ್ತದೆ, ಸೊಸೈಟಿ ಮುಚ್ಚುತ್ತದೆ. ಹನುಮಂತಪ್ಪ ನನ್ನ ಆಫೀಸಿಗೇ ಬಂದು ನಿಂತ.

"ಮೀನು ಇದ್ದಾವಾ ಇಲ್ವಾ ಅಷ್ಟ್ ಹೇಳ್ಬಿಡಿ ಸ್ವಾಮಿ. ಇಲ್ಲ ಅಂದ್ರೆ ಹೆಂಡ್ರು ಮಕ್ಳು ಕರ್ಕೊಂಡು ಲಕ್ಕವಳ್ಳಿ ಡ್ಯಾಮಿನ ಕಡೆ ಕೂಲಿಗೆ ಹೋಗ್ತೀವಿ."

"ಇದ್ದಾವೆ."

"ನೋಡಿದ್ದೀರಾ?"

ನೋಡಿರಲಿಲ್ಲ. ಮರಿ ಬಿಟ್ಟ ಮೇಲೆ ಕೆರೆ ಪೂರ್ತಿ ಬತ್ತಿಲ್ಲ, ಕೋಡಿ ಬಿದ್ದು ಹರಿದಿಲ್ಲ. ಮೀನು ಎಲ್ಲಿಗೆ ಹೋಗಬೇಕು? ಓದಿದ್ದು ಹಾಗೆ ಹೇಳುತ್ತಿತ್ತು. ನೋಡಿ ಬಂದು ಹೇಳ್ತೀನಿ ಎಂದೆ.

ಆ ಕೆರೆಯಲ್ಲಿ ಗಾಳ ಹಾಕುವವರದ್ದು ಒಂದು ರಿವಾಜಿತ್ತು. ಏರಿಯ ಒಳಮೈಗೆ ಕಲ್ಲು ಕಟ್ಟಿ, ನಡುವೆ ಒಂದು ಕಡೆ ಅಗಲವಾದ ಮೆಟ್ಟಿಲು ಇಳಿಸಿದ್ದರು. ಅದು ಹೆಂಗಸರ ಜಾಗ. ಅಕ್ಕಿ ತೊಳೆಯುವುದು, ಪಾತ್ರೆ ಬೆಳಗುವುದು ಎಲ್ಲ ಅಲ್ಲೇ. ಹೆಂಗಸರಿರುವ ಕಡೆ ಗಂಡಸರು ಇಳಿಯಬಾರದು ಎಂದು ಗಾಳದವರು ಏರಿಯ ನೆತ್ತಿಯ ಮೇಲೆ ಕೂರುತ್ತಿದ್ದರು. ಅಲ್ಲಿಂದ ಕಲ್ಲು ದಾಟಿಸಿ ನೀರಿಗೆ ದಾರ ಮುಟ್ಟಿಸಬೇಕೆಂದರೆ ಎರಡಾಳುದ್ದದ ಬಿದಿರು ಬೇಕು. ತಲೆಮಾರಿನಿಂದ ಹೀಗೇ ಕೂತು, ಗಾಳದ ಕೋಲು ಅಂದರೆ ಉದ್ದವೇ ಇರಬೇಕು ಎಂಬುದು ಆ ಕಡೆಯವರ ತಲೆಯಲ್ಲಿ ಕೂತುಬಿಟ್ಟಿತ್ತು. ನನ್ನದೂ ಅದೇ ಅಳತೆಯ ಕೋಲು. ಸಿಗುತ್ತಿದ್ದುದು ಅದೇ ಪುಡಿಮೀನು.

ಒಂದು ಬೆಳಿಗ್ಗೆ ಏರಿಯ ಮೇಲೆ ಕೋಲು ಹಿಡಿದು ಕೂತವನಿಗೆ, ಕೆಳಗೆ ಮೆಟ್ಟಿಲ ಬುಡದಲ್ಲಿ ನೀರು ಕದಡಿ ಗುಳ್ಳೆ ಏಳುವುದು ಕಂಡಿತು. ಹೆಂಗಸೊಬ್ಬಳು ಅನ್ನದ ತಪ್ಪಲೆ ತೊಳೆದು ನೀರು ಚೆಲ್ಲಿದ್ದಳು. ಗುಳ್ಳೆ ನಿಂತ ಕಡೆ ನಿಲ್ಲದೆ, ಸಾಲಾಗಿ ಸರಿಯುತ್ತಿತ್ತು. ಕೆಸರು ಕೆದಕಿ ತಿನ್ನುವ ಮೀನಿನ ಗುರುತು ಅದು. ಪುಸ್ತಕದಲ್ಲಿ ನಾನೇ ಬಿಡಿಸಿದ್ದ, ಕೆಳಮುಖದ ಬಾಯಿ, ಬಾಯಿಯ ಎರಡು ಕಡೆ ಸಣ್ಣ ಮೀಸೆ ನೆನಪಾದವು. ಎದ್ದು ಮೆಟ್ಟಿಲ ತಲೆಗೆ ಬಂದು ನಿಂತೆ. ಕೆಳಕ್ಕೆ ಕಾಲು ಬರಲಿಲ್ಲ.

ತಪ್ಪಲೆಯವಳು ತಲೆ ಎತ್ತಿದಳು. ಹಣೆಯ ತುಂಬ ವಿಭೂತಿ, ತೋಳಿನವರೆಗೆ ಬೂದಿ. ಅವಳೇ ಹೊನ್ನಮ್ಮ.

"ಏನಯ್ಯ ಅಂಗ್ ನೋಡ್ತೀಯ?"

"ಅಮ್ಮಾ, ನಿಮ್ಮ ಕಾಲ ಹತ್ರ ಮೀನು ಬರ್ತಾವಾ?"

"ಬರದೇನು. ಮೀಸೆ ಇರೋವು, ದಿನಾ ಬತ್ತವೆ. ನಾನು ಅನ್ನ ಬಿಟ್ರೆ ಕಾಲ್ಬೆರಳು ಮುತ್ತಿಕ್ತವೆ."

ಎರಡು ವರ್ಷದಿಂದ ಇಡೀ ಇಲಾಖೆ ಹುಡುಕುತ್ತಿದ್ದ ಮೀನು. ಮಾಂಸ ಮುಟ್ಟದ ಮನೆಯ ಹೆಂಗಸರು ನೋಡುತ್ತಿದ್ದರು, ಮೀನಿನವರು ಆ ಕಡೆ ತಲೆ ಹಾಕುತ್ತಿರಲಿಲ್ಲ. ಒಬ್ಬರನ್ನೊಬ್ಬರು ಕೇಳಬೇಕೆಂದು ಯಾರಿಗೂ ತೋಚಿರಲಿಲ್ಲ.

"ಇಳಿದು ನೋಡಲಾ?"

"ಯಾವೂರು? ಯಾರ ಮಗ?"

ಈ ಪ್ರಶ್ನೆ ಏನನ್ನು ಕೇಳುತ್ತದೆಂದು ನಮಗೆ ಚಿಕ್ಕಂದಿನಿಂದ ಗೊತ್ತು. ಸುತ್ತಿ ಬಳಸಿ ಹೇಳುವ ಬುದ್ಧಿ ನನಗಿಲ್ಲ. "ಸಖರಾಯಪಟ್ಟಣದ ಕಡೆ. ನೀರುಗಂಟಿ ಮಗ" ಎಂದೆ.

ಅವಳು ತಪ್ಪಲೆಯನ್ನು ಒಂದು ಸುತ್ತು ಉಜ್ಜಿದಳು. ಪಕ್ಕದ ಹೆಂಗಸರು ಕೈ ನಿಲ್ಲಿಸಿದ್ದರು.

"ನೀರುಗಂಟಿ ಮಗ ನೀರಿಗಿಳಿಯಾಕೆ ನನ್ನ ಅಪ್ಪಣೆ ಕೇಳ್ತಾವ್ನೆ ನೋಡ್ರೇ" ಎಂದಳು. "ಇಳಿಯಪ್ಪ. ಜಾರ್ತದೆ, ನೋಡ್ಕಂಡು ಇಳಿ."

ಇಳಿದೆ. ಆ ಕಲ್ಲು ತಣ್ಣಗಿತ್ತು. ಅಷ್ಟೇ ಬರೆಯುತ್ತೇನೆ.

ಆದರೆ ಕೋಲು ಇಳಿಯಲಿಲ್ಲ. ಆ ಎರಡಾಳುದ್ದದ ಬಿದಿರನ್ನು ಮೆಟ್ಟಿಲ ಮೇಲೆ ಎತ್ತಿದರೆ ಮೇಲೆ ಬಾಗಿದ್ದ ಹೊಂಗೆ ಕೊಂಬೆಗೆ ದಾರ ಸುತ್ತಿಕೊಂಡಿತು. ಬಿಡಿಸಿ ತಗ್ಗಿಸಿದರೆ ತುದಿ ಮೀನನ್ನು ದಾಟಿ ಎಲ್ಲೋ ದೂರ. ಹಿಂದಕ್ಕೆ ಎಳೆದರೆ ಬುಡ ಹೊನ್ನಮ್ಮನ ಹಿಂದೆ ಕೂತವಳ ಬೆನ್ನಿಗೆ. "ಗುಡಿಸಲು ಕಟ್ಟಾಕೆ ಬಂದ್ಯೋ, ಮೀನು ನೋಡಾಕೆ ಬಂದ್ಯೋ?" ಎಂದಳು ಹೊನ್ನಮ್ಮ. ಮರುದಿನ ಅದನ್ನು ನನ್ನ ಎದೆಯೆತ್ತರಕ್ಕೆ ಕೊಯ್ದು ತಂದೆ.

ಹುಡುಗರು ಇಲ್ಲಿ ಗಮನಿಸಬೇಕು. ಕೊಯ್ಯುವುದಾದರೆ ಬುಡ ಕೊಯ್ಯಿರಿ, ತುದಿ ಉಳಿಸಿಕೊಳ್ಳಿ. ತುದಿ ಕೊಯ್ದರೆ ಅದು ಕೋಲಲ್ಲ, ದೊಣ್ಣೆ. ಗಿಡ್ಡ ಕೋಲಿನಲ್ಲಿ ದಾರವನ್ನು ಬೀಸಿ ಎಸೆಯುವುದಿಲ್ಲ, ಸದ್ದಿಲ್ಲದೆ ಕಾಲ ಬುಡಕ್ಕೆ ಇಳಿಬಿಡುತ್ತೀರಿ. ಮರದ ಕೊಂಬೆಯ ಕೆಳಗೂ ಆಡಿಸಬಹುದು. ಎಲ್ಲಕ್ಕಿಂತ ಮುಖ್ಯ, ಗೆಂಡೆ ಕಚ್ಚಿದ ಕೂಡಲೇ ಬೊಡ್ಡೆಯ ಕಡೆ ಓಡುತ್ತದೆ. ಉದ್ದದ ಕೋಲು ಬಾಗಿ ಬಾಗಿ ಅದಕ್ಕೆ ದಾರಿ ಬಿಡುತ್ತದೆ. ಗಿಡ್ಡದು ಅಲ್ಲೇ ತಡೆದು ತಲೆ ತಿರುಗಿಸುತ್ತದೆ.

ಆವತ್ತು ಕಡ್ಲೆಕಾಯಿ ಹಿಂಡಿ ಕಲಸಿದ ರಾಗಿಮುದ್ದೆಯ ಉಂಡೆಗೆ ಒಂದು ಗೆಂಡೆ ಬಂತು. ಮೊಳಕೈಯುದ್ದ, ಚಿನ್ನದ ಬಣ್ಣ. ನಾನು ಬಸ್ಸಿನ ಸೀಟಿನ ಕೆಳಗಿಂದ ಹೆಕ್ಕಿದ ಮರಿಯೇ ಇರಬೇಕು ಎಂದುಕೊಂಡರೆ ತಪ್ಪೇನು. ಹೊನ್ನಮ್ಮ ಎದ್ದು ನಿಂತಳು.

"ವಾಪಸ್ ಬಿಡು."

"ಸಾಹೇಬ್ರಿಗೆ ತೋರಿಸ್ಬೇಕಿತ್ತಮ್ಮ."

"ನಾನು ಅನ್ನ ಹಾಕಿ ಕರೆದಿದ್ದು. ನನ್ ಮೆಟ್ಲಿಗೆ ಬಂದಿದ್ದು ನನ್ ಮೆಟ್ಲಲ್ಲೇ ಇರ್ತದೆ. ಬೆಸ್ತರು ಬೇಕಾದ್ರೆ ಆಚೆ ಕಡೆ ಬಲೆ ಹಾಕ್ಕೊಳ್ಳಿ, ನಾನು ಅಡ್ಡ ಬರಲ್ಲ. ಇಲ್ಲಿ ನೀನು ನೋಡು, ಮುಟ್ಟು, ಬಿಡು."

ಬಿಟ್ಟೆ. ಕಡೂರಿಗೆ ಬಂದು ಶೆಟ್ಟರಿಗೆ ಫೋನಿನಲ್ಲಿ ವಿಷಯ ಹೇಳಿದೆ. ಅವರು ಕುಂದಾಪುರದ ಕಡೆಯವರು, ಸಮುದ್ರ ನೋಡಿ ಬೆಳೆದವರು. "ನೀನು ನೋಡಿದ್ದು ಸರಿ ಚಂದ್ರಯ್ಯ, ಸುಳ್ಳು ಹೇಳುವವನಲ್ಲ ನೀನು. ಆದರೆ ವರದಿಗೆ ನಾನು ನೋಡಬೇಕು. ತೋರಿಸು, ಆಯ್ತಾ?" ಎಂದರು.

ಸಾಹೇಬರು ಬರುವ ದಿನ ನಾನು ಅವರ ಜೊತೆ ಜೀಪಿನಲ್ಲೇ ಹೋದೆ. ಶೆಟ್ಟರ ಕೋಲು ಬಟ್ಟೆಯ ಚೀಲದಲ್ಲಿತ್ತು. ಬೊಂಬಾಯಿಯಿಂದ ತರಿಸಿದ್ದು, ರೀಲು ಇರುವುದು, ಜೋಡಿಸಿದರೆ ನಮ್ಮ ಬಿದಿರಿಗಿಂತ ಉದ್ದ. ಸಮುದ್ರದ ದಂಡೆಯಲ್ಲಿ ನಿಂತು ಅಲೆ ದಾಟಿಸಿ ಎಸೆಯುವ ಕೋಲು. ನನ್ನ ಎದೆಯೆತ್ತರದ ಬಿದಿರನ್ನು ನೋಡಿ, "ಎಂತ ಮಾರಾಯ ಇದು, ದನ ಹೊಡಿಲಿಕ್ಕಾ?" ಎಂದರು. ನಾನು ಆಮೇಲೆ ಹೇಳ್ತೀನಿ ಸರ್ ಎಂದೆ.

ಏರಿಯ ಮೇಲೆ ಹನುಮಂತಪ್ಪ ಸ್ಕೂಲಿನಿಂದ ತಂದ ಕುರ್ಚಿ ಹಾಕಿಸಿದ್ದ. ಎಳನೀರು ಇಟ್ಟಿದ್ದ. ಸೊಸೈಟಿಯವರೆಲ್ಲ ಒಗೆದ ಅಂಗಿ ಹಾಕಿಕೊಂಡು ಸಾಲಾಗಿ ನಿಂತಿದ್ದರು. ಶೆಟ್ಟರು ಕುರ್ಚಿಯ ಪಕ್ಕದಲ್ಲಿ ನಿಂತು ಕೋಲು ಬೀಸಿದರೆ ಗಾಳ ಕೆರೆಯ ನಡುವಿಗೆ ಹೋಗಿ ಬಿತ್ತು. ನೋಡಲು ಚಂದ. ಜನ ಓಹೋ ಎಂದರು. ಮೀನು ಬರಲಿಲ್ಲ. ಮತ್ತೆ ಎಸೆದರು, ಬೊಡ್ಡೆಗೆ ಸಿಕ್ಕಿ ದಾರ ಹರಿಯಿತು. ಮತ್ತೆ ಎಸೆದರು, ಮತ್ತೆ ಹರಿಯಿತು. ಬಿಸಿಲು ಏರಿತು.

ನಾನು ಕಾದದ್ದು ಶೆಟ್ಟರಿಗೆ ತೃಪ್ತಿಯಾಗಲಿ ಎಂದು. ಸಾಹೇಬರ ಕೋಲಿಗೆ ಮೊದಲು ಅವಕಾಶ ಕೊಡಬೇಕು, ಅದು ನೌಕರಿಯ ಮರ್ಯಾದೆ. ಆಮೇಲೆ ನಾನು ಗಿಡ್ಡ ಕೋಲು ಹಿಡಿದು ಮೆಟ್ಟಿಲಿಗೆ ಇಳಿದೆ. ಉಂಡೆ ಇಳಿಬಿಟ್ಟೆ. ದಾರಕ್ಕೆ ಕಟ್ಟಿದ ಬೆಂಡು ಅಲ್ಲಾಡಲಿಲ್ಲ. ಗುಳ್ಳೆ ಇಲ್ಲ, ಕದಡಿಲ್ಲ, ನೀರು ಕನ್ನಡಿಯ ಹಾಗೆ. ಮೇಲಿನಿಂದ ಹನುಮಂತಪ್ಪ ನನ್ನ ಬೆನ್ನು ನೋಡುತ್ತಿದ್ದಾನೆಂದು ತಿರುಗದೆಯೂ ಗೊತ್ತಾಗುತ್ತಿತ್ತು. ಎಷ್ಟೋ ಹೊತ್ತಾದ ಮೇಲೆ ಶೆಟ್ಟರು ಜೇಬಿನಿಂದ ಪೆನ್ನು ತೆಗೆದರು.

"ಸಾಕು ಚಂದ್ರಯ್ಯ. ಒಂದೆರಡು ಇರಬಹುದು. ಒಂದೆರಡಕ್ಕೆ ಇಲಾಖೆ ನಡೆಸ್ಲಿಕ್ಕೆ ಆಗುದಿಲ್ಲ."

ಆಗ ನಾನು ಕೂತಿದ್ದ ಕಲ್ಲು ನೋಡಿದೆ. ಮೆಟ್ಟಿಲು ಗುಡಿಸಿತ್ತು. ನೀರು ಚೆಲ್ಲಿ ತೊಳೆದಿತ್ತು. ಮೇಲಿನ ಮೆಟ್ಟಿಲಿಗೆ ರಂಗೋಲಿ ಬೇರೆ. ಒಂದು ಅಗುಳು ಅನ್ನವಿಲ್ಲ, ಬೂದಿಯಿಲ್ಲ, ಒಬ್ಬ ಹೆಂಗಸಿಲ್ಲ.

"ಹನುಮಂತಪ್ಪ, ಮೆಟ್ಲು ಯಾರು ತೊಳೆಸಿದ್ದು?"

"ನಾನೇ ಸ್ವಾಮಿ" ಎಂದ, ಹೊಗಳುತ್ತೇನೆ ಎಂದುಕೊಂಡು. "ಸಾಹೇಬ್ರು ಬರೋವಾಗ ಮುಸುರೆ ಪಾತ್ರೆ ಕಣ್ಣಿಗೆ ಬೀಳಬಾರ್ದು ಅಂತ ಎರಡು ದಿವಸದಿಂದ ಯಾರನ್ನೂ ಇಳಿಯಾಕೆ ಬಿಟ್ಟಿಲ್ಲ."

ತನ್ನ ಅನ್ನಕ್ಕೆ ತಾನೇ ನೀರು ಹಾಕಿ ತೊಳೆದಿದ್ದ ಪುಣ್ಯಾತ್ಮ. ಬೈಯುವ ಹಾಗೂ ಇಲ್ಲ. ದೊಡ್ಡವರು ಮನೆಗೆ ಬಂದರೆ ಅಂಗಳ ಗುಡಿಸುವುದು ನಮ್ಮ ಕಡೆ ಎಲ್ಲರೂ ಮಾಡುವುದೇ. ಆದರೆ ಗೆಂಡೆಗೆ ಆ ಮುಸುರೆಯೇ ಊಟದ ಕರೆ. ಎರಡು ದಿನ ಕರೆಯದಿದ್ದರೆ ಅದು ಯಾಕೆ ಬರಬೇಕು?

"ಸರ್, ಪೆನ್ನು ಸ್ವಲ್ಪ ಒಳಗಿಡಿ. ಊಟದವರೆಗೆ ಟೈಮ್ ಕೊಡಿ" ಎಂದೆ. ಸಾಹೇಬರಿಗೆ ಪೆನ್ನು ಒಳಗಿಡಿ ಎಂದದ್ದು ನನ್ನ ಸರ್ವಿಸಿನಲ್ಲಿ ಅದೊಂದೇ ಸಲ. ಶೆಟ್ಟರು ನನ್ನ ಮುಖ ನೋಡಿ ಪೆನ್ನು ಜೇಬಿಗೆ ಸಿಕ್ಕಿಸಿದರು.

ಹೊನ್ನಮ್ಮನ ಮನೆಗೆ ಹೋಗಿ ಅಂಗಳದಲ್ಲಿ ನಿಂತೆ. ಅವಳು ಜಗಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತಿದ್ದಳು. ನನ್ನನ್ನು ನೋಡಿಯೂ ನೋಡದ ಹಾಗೆ ಇದ್ದಳು.

"ಅಮ್ಮಾ, ಪಾತ್ರೆ ತಗೊಂಡು ಕೆರೆಗೆ ಬರ್ಬೇಕು."

"ಯಾಕೆ? ನಿಮ್ ಸಾಹೇಬ್ರು ನಮ್ ಪಾತ್ರೆ ನೋಡಿದ್ರೆ ಕಣ್ ಹೋಗ್ತವಂತಲ್ಲ. ಎರಡ್ ದಿನದಿಂದ ಬಾವಿ ನೀರು ಸೇದಿ ರಟ್ಟೆ ಬಿದ್ದೋಯ್ತು."

"ಅದು ಹನುಮಂತಪ್ಪನ ತಿಳಿಗೇಡಿತನ. ಸಾಹೇಬ್ರು ಹೇಳಿದ್ದಲ್ಲ."

"ನಾನು ಬಂದು ಪಾತ್ರೆ ಉಜ್ಜಿದ್ರೆ ಮೀನು ಬತ್ತವೆ, ನೀವು ಹಿಡೀತೀರಿ. ಪಾಪ ಯಾರಿಗಪ್ಪ?"

"ಹಿಡಿದಿದ್ದು ಬಿಡ್ತೀವಿ, ಆವತ್ತಿನ ಮಾತು ಮಾತೇ. ಇವತ್ತು ಮೀನು ಬರ್ದೇ ಇದ್ರೆ ಹನುಮಂತಪ್ಪನ ಕೇರಿ ಮನೆಗೆಲ್ಲ ಬೀಗ ಬೀಳ್ತದೆ."

ಹುಣಸೆ ಬೀಜ ಬಟ್ಟಲಿಗೆ ಹಾಕುತ್ತಿದ್ದ ಕೈ ನಿಂತಿತು. "ಬೆಳಿಗ್ಗೆಯಿಂದ ಮುಸುರೆ ಪಾತ್ರೆ ಹಂಗೇ ಬಿದ್ದವೆ" ಎಂದಳು, ಬೇರೆ ಯಾರಿಗೋ ಹೇಳುವವಳ ಹಾಗೆ. "ಆದ್ರೆ ನಿಮ್ ಸಾಹೇಬ ಮ್ಯಾಲೆ ಕುರ್ಚಿ ಮ್ಯಾಲೆ ಕೂತು ನಾನ್ ಉಜ್ಜೋದು ನೋಡಬಾರ್ದು. ಕೆಳಗೆ ಬಂದು ಕೂರ್ಲಿ."

ಇದನ್ನು ಶೆಟ್ಟರಿಗೆ ಹೇಳಿದೆ. ಶೆಟ್ಟರು ಬೂಟು ಬಿಚ್ಚಿ, ಪ್ಯಾಂಟು ಮಡಿಸಿ, ತಮ್ಮ ಉದ್ದದ ಕೋಲನ್ನು ಎತ್ತಿಕೊಂಡು ಇಳಿದರು. ಹೊಂಗೆ ಕೊಂಬೆಗೆ ತಾಗಿ ಅವರ ಟೋಪಿ ನೀರಿಗೆ ಬಿತ್ತು. ಹೊನ್ನಮ್ಮನೇ ಎತ್ತಿ ಕೊಟ್ಟಳು. "ಆ ಕೋಲನ್ನ ಮ್ಯಾಲೆ ಇಟ್ಬಿಡಿ ಸಾಹೇಬ್ರೇ. ಇವ್ನ ಹತ್ರ ಗಿಡ್ಡದೈತೆ" ಎಂದು ನನ್ನ ಕಡೆ ಬೆರಳು ತೋರಿದಳು.

ನಾನು ನನ್ನ ಕೋಲನ್ನು ಶೆಟ್ಟರ ಕೈಗೆ ಕೊಟ್ಟೆ. ನಾನೇ ಹಿಡಿದು ತೋರಿಸಬಹುದಿತ್ತು, ಆಸೆಯೂ ಇತ್ತು. ಆದರೆ ಕಣ್ಣಲ್ಲಿ ನೋಡಿದ್ದಕ್ಕೆ ಅಧಿಕಾರಿಗಳು ಒಂದು ಸಾಲು ಬರೆಯುತ್ತಾರೆ, ಕೈಯಲ್ಲಿ ಎಳೆದದ್ದಕ್ಕೆ ಒಂದು ಪುಟ ಬರೆಯುತ್ತಾರೆ.

ಹೆಂಗಸರು ಸಾಲಾಗಿ ಕೂತು ಪಾತ್ರೆ ಬೆಳಗತೊಡಗಿದರು. ಅವರ ನಡುವೆ ಎದೆಯೆತ್ತರದ ಬಿದಿರು ಹಿಡಿದ ನಮ್ಮ ಸಾಹೇಬರು. ಅಗುಳು ತೇಲಿತು, ಮುಳುಗಿತು. ಹೊನ್ನಮ್ಮ ಒಂದು ತಪ್ಪಲೆ ಮುಗಿಸಿ ಇನ್ನೊಂದಕ್ಕೆ ಕೈ ಹಾಕಿದಳು. ಏನೂ ಇಲ್ಲ. ಮೂರನೆಯದು. ಅವಳ ಪಾತ್ರೆ ಮುಗಿಯುತ್ತ ಬಂತು. ಆಗ ಪಕ್ಕದವಳು ತೊಳೆದಿಟ್ಟಿದ್ದ ತನ್ನ ಪಾತ್ರೆಗಳನ್ನೇ ಮತ್ತೆ ಅವಳ ಮುಂದೆ ಸರಿಸಿದಳು.

ಮೆಟ್ಟಿಲ ಬುಡದಲ್ಲಿ ಒಂದು ಗುಳ್ಳೆ ಎದ್ದಿತು. ಅದರ ಪಕ್ಕ ಇನ್ನೊಂದು.

ಬೆಂಡು ಮುಳುಗಿದ್ದೇ ಶೆಟ್ಟರು ಎದ್ದು ನಿಲ್ಲಲು ಹೋದರು, ಹೊನ್ನಮ್ಮ ಅಂಗಿ ಹಿಡಿದು ಕೂರಿಸಿದಳು. ಗೆಂಡೆ ಬೊಡ್ಡೆಯ ಕಡೆ ಓಡಿತು, ಕೋಲು ತಡೆಯಿತು, ತಲೆ ತಿರುಗಿತು. ಮೀನು ಮೆಟ್ಟಿಲಿಗೆ ಬಂದಾಗ ಶೆಟ್ಟರ ಬಾಯಿಂದ, "ಅಬ್ಬ, ಎಂತ ಬಲ ಉಂಟು ಮಾರಾಯ ಇದಕ್ಕೆ" ಎಂದಷ್ಟೇ ಬಂತು. ಮುಟ್ಟಿ ನೋಡಿ ಬಿಟ್ಟರು. ಮತ್ತೆ ಹಾಕಿದರು, ಮತ್ತೆ ಬಂತು. ಸಾಹೇಬರು ಮಧ್ಯಾಹ್ನದ ಊಟ ಮರೆತರು. ಹನುಮಂತಪ್ಪ ಏರಿಯ ಮೇಲಿನ ಕುರ್ಚಿಯಲ್ಲಿ ತಾನೇ ಕೂತುಬಿಟ್ಟಿದ್ದ. ಅವನನ್ನು ಯಾರೂ ಎಬ್ಬಿಸಲಿಲ್ಲ.

ಜೀಪಿನಲ್ಲಿ ವಾಪಸ್ ಬರುವಾಗ ಶೆಟ್ಟರು ಕೇಳಿದರು. "ಪಾತ್ರೆ ತೊಳೆದದ್ದನ್ನು ವರದಿಯಲ್ಲಿ ಎಂತ ಅಂತ ಬರೆಯುದು?"

"ಸ್ಥಳೀಯ ವಿಧಾನದಿಂದ ಪರೀಕ್ಷಿಸಲಾಯಿತು ಅಂತ ಬರೀರಿ ಸರ್."

ಹಾಗೇ ಬರೆದರು. ಗುತ್ತಿಗೆ ಉಳಿಯಿತು. ಮುಂದಿನ ಬೇಸಿಗೆ ನೀರು ಇಳಿದಾಗ ಸೊಸೈಟಿಯವರು ಜಾಲಿ ಬೊಡ್ಡೆಗಳನ್ನೆಲ್ಲ ಕಿತ್ತರು, ಎಳೆಬಲೆ ಹರಿಯದೆ ಬಂತು. ಮೆಟ್ಟಿಲಿನ ಎರಡು ಕಡೆ ಒಂದೊಂದು ಕಲ್ಲು ನೆಟ್ಟು, ಅದರೊಳಗೆ ಬಲೆ ಹಾಕಬಾರದು ಎಂದು ತಾವೇ ಕಟ್ಟು ಮಾಡಿಕೊಂಡರು. ನಾನು ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಯಾವ ಕೆರೆಗೆ ಹೋದರೂ ಮೀನಿನ ಬೆಳವಣಿಗೆ ನೋಡಲು ಆ ಗಿಡ್ಡ ಕೋಲನ್ನೇ ಒಯ್ದೆ. ಬಲೆಯ ಖರ್ಚಿಲ್ಲ, ಮೀನಿಗೆ ಗಾಯ ಕಮ್ಮಿ. ಬಡ್ತಿ ಬಂತು, ಬಡ್ತಿಯ ಜೊತೆ ಇಲಾಖೆಯ ಉದ್ದದ ಕೋಲೂ ಬಂತು. ಅದು ಬೀರುವಿನ ಮೇಲೆ ಧೂಳು ತಿಂದಿತು.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ಒಂದು ಬೆಳಿಗ್ಗೆ ಶೆಟ್ಟರು ಹೇಳದೆ ಕೇಳದೆ ಕಡೂರಿನಲ್ಲಿ ರೈಲ್ವೆ ಸ್ಟೇಷನ್ನಿಂದ ನೇರ ನನ್ನ ಮನೆಗೆ ಬಂದರು. ನಿವೃತ್ತರಾಗಿದ್ದರು, ಕೂದಲು ಪೂರ್ತಿ ಬೆಳ್ಳಗೆ. ಕಂಕುಳಲ್ಲಿ ಅದೇ ಬಟ್ಟೆಯ ಚೀಲ, ಆದರೆ ಅರ್ಧಕ್ಕೆ ಮಡಿಸಿ ಕಟ್ಟಿತ್ತು. ಬಿಚ್ಚಿ ತೋರಿಸಿದರು. ಬೊಂಬಾಯಿಯ ಕೋಲನ್ನು ಕೊಯ್ಯಿಸಿ, ಹಿಡಿಯನ್ನು ಮತ್ತೆ ಕೂರಿಸಿದ್ದರು.

"ಬುಡ ಕೊಯ್ಸಿದ್ದು ಮಾರಾಯ, ತುದಿ ಅಲ್ಲ" ಎಂದರು, ನಾನು ಕೇಳುವ ಮುಂಚೆಯೇ. "ಹೋಗುವ?"

ನನ್ನ ಹೆಂಡತಿ ಟಿಫನ್ ಕ್ಯಾರಿಯರಿಗೆ ಅನ್ನ ಸಾರು ಹಾಕಿ ಕೊಟ್ಟಳು. ನಾನು ನನ್ನ ಹಳೆಯ ಗಿಡ್ಡ ಬಿದಿರು ಎತ್ತಿಕೊಂಡೆ. ಹೋದೆವು. ಏರಿಯ ಆಚೆ ಹನುಮಂತಪ್ಪನ ಕಡೆಯವರ ಬಲೆಗಳು ಒಣಗುತ್ತಿದ್ದವು. ನೆಟ್ಟ ಕಲ್ಲು ಎರಡೂ ಹಾಗೇ ಇದ್ದವು. ಆದರೆ ಮೆಟ್ಟಿಲು ಖಾಲಿ. ಊರೊಳಗೆ ಬೋರ್‌ವೆಲ್ ಬಂದು, ಕೈಪಂಪಿನ ಹತ್ತಿರವೇ ಪಾತ್ರೆ ತೊಳೆಯುತ್ತಿದ್ದರು. ಹೊನ್ನಮ್ಮ ತೀರಿಕೊಂಡು ವರ್ಷ ಕಳೆದಿತ್ತು. ಶೆಟ್ಟರಿಗೆ ಹೇಳಿದೆ. ಅವರು ಚಪ್ಪಲಿ ಬಿಚ್ಚಿ ಮೇಲಿನ ಮೆಟ್ಟಿಲಲ್ಲಿ ಇಟ್ಟರು.

ಊಟ ಮಾಡಿದೆವು. ಶೆಟ್ಟರು ಪೂರ್ತಿ ಉಣ್ಣದೆ, ಡಬ್ಬಿಯ ತಳದಲ್ಲಿ ಒಂದು ಹಿಡಿ ಅನ್ನ ಉಳಿಸಿದರು. ಆಮೇಲೆ ಪಂಚೆ ಮೇಲೆ ಕಟ್ಟಿ, ಹೊನ್ನಮ್ಮ ಕೂರುತ್ತಿದ್ದ ಕಲ್ಲಿಗೆ ಇಳಿದು ಕುಕ್ಕರುಗಾಲಿನಲ್ಲಿ ಕೂತು, ಮರಳು ತೆಗೆದುಕೊಂಡು ನಮ್ಮ ಟಿಫನ್ ಕ್ಯಾರಿಯರನ್ನು ಉಜ್ಜತೊಡಗಿದರು. ನಾನು ಕೊಡಿ ಸರ್ ಎಂದೆ, ಕೊಡಲಿಲ್ಲ. ಅಗುಳು ತೇಲಿತು, ಮುಳುಗಿತು. ಒಂದು ಡಬ್ಬಿ ಮುಗಿಸಿ ಇನ್ನೊಂದಕ್ಕೆ ಕೈ ಹಾಕಿದರು. ಅದು ಆಗಲೇ ತೊಳೆದದ್ದು.

ಗುಳ್ಳೆ ಎದ್ದಿತು.

"ಚಂದ್ರಯ್ಯ" ಎಂದರು ಶೆಟ್ಟರು, ಹಿಂದೆ ತಿರುಗದೆ, ಕೈ ಮಾತ್ರ ಹಿಂದಕ್ಕೆ ಚಾಚಿ, ಪಿಸುದನಿಯಲ್ಲಿ. "ಕೋಲು ಕೊಡು. ನಿನ್ನದೇ ಕೊಡು."